ಇಲಾಖೆಗಳ ವಿಲೀನ ಮೊದಲೋ, 20 ವರ್ಷಗಳ ಯೋಜನೆ ಮೊದಲೋ?

ಪ್ರಶ್ನೆ: ನಾನು ಒಂದು ಪ್ರಾದೇಶಿಕ ಸರ್ಕಾರದ ಯೋಜನಾ ವಿಭಾಗದಲ್ಲಿ ಮಧ್ಯಮ ಹಂತದ ಅಧಿಕಾರಿ. ನಮ್ಮಲ್ಲಿ 20 ವರ್ಷಗಳ ದೀರ್ಘಾವಧಿ ಯೋಜನೆಯೊಂದು ಸಿದ್ಧವಾಗುತ್ತಿದೆ. ಅದೇ ಹೊತ್ತಿಗೆ 11 ಇಲಾಖೆಗಳನ್ನು 5ಕ್ಕೆ ಇಳಿಸುವ ಪ್ರಸ್ತಾವವೂ ಬಂದಿದೆ. ಮೊದಲು ಪುನರ್‌ರಚನೆ ಮುಗಿಯಲಿ, ಯೋಜನೆಯನ್ನು ಆಮೇಲೆ ನೋಡೋಣ ಎನ್ನುತ್ತಾರೆ ಮೇಲಧಿಕಾರಿಗಳು. ಎರಡನ್ನೂ ಒಟ್ಟಿಗೇ ಮಾಡಿ ಮುಗಿಸಿ ಎನ್ನುತ್ತಾರೆ ಸಲಹೆಗಾರರು. ಇಂಥ ಎರಡು ಸುಧಾರಣೆಗಳನ್ನು ಈಗಾಗಲೇ ಕಂಡಿರುವ ಸಹೋದ್ಯೋಗಿಗಳಿಗೆ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ. ಯಾವುದು ಮೊದಲಾಗಬೇಕು? ಸರ್ಕಾರ ಬದಲಾದರೂ ಯೋಜನೆ ಉಳಿಯುವಂತೆ ಮಾಡಲು ಸಾಧ್ಯವೇ?

ಉತ್ತರ: ಇವೆರಡರಲ್ಲಿ ಯಾವುದೂ ಮೊದಲಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ಆಗಬೇಕಾದ ಕೆಲಸ ಚಿಕ್ಕದು, ಆದರೆ ಕಷ್ಟದ್ದು. ನಿಮ್ಮ ಯೋಜನೆಯಲ್ಲಿ, ಒಮ್ಮೆ ತೆಗೆದುಕೊಂಡರೆ ಹಿಂದಿರುಗಲಾಗದಂಥ ನಿರ್ಧಾರಗಳು ಯಾವುವು ಎಂದು ಗುರುತಿಸಿ, ಅವುಗಳಲ್ಲಿ ಯಾವುದನ್ನು ಈಗಿನ ಇಲಾಖಾ ವ್ಯವಸ್ಥೆಯೊಳಗೆ ಯಾರೊಬ್ಬರೂ ಕೈಗೊಳ್ಳಲಾರರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ನೀರಿನ ಮೂಲ, ಸಾರಿಗೆ ಮಾರ್ಗದ ಜಾಡು, ದೊಡ್ಡ ಆಸ್ಪತ್ರೆಗಳ ನೆಲೆ, ನಗರಗಳು ಬೆಳೆಯಬೇಕಾದ ದಿಕ್ಕು, ನೌಕರರ ನೇಮಕಾತಿ ಮತ್ತು ಪಿಂಚಣಿಯ ಹೊಣೆ, ಹೀಗೆ ಎಣಿಸಿದರೆ ಅಂಥವು ಹತ್ತನ್ನು ದಾಟುವುದು ಅಪರೂಪ. ಯೋಜನೆಯ ದಪ್ಪ ಪುಸ್ತಕದಲ್ಲಿ ಉಳಿದ ನೂರಾರು ಅಂಶಗಳಿದ್ದರೂ ಅವನ್ನು ಪ್ರತಿವರ್ಷದ ಆಯವ್ಯಯದಲ್ಲಿ ತಿದ್ದಿಕೊಳ್ಳಬಹುದು, ಅವುಗಳಿಗಾಗಿ 20 ವರ್ಷಗಳ ಮುಂದಾಲೋಚನೆ ಬೇಕಾಗಿಲ್ಲ. ಈ ಪಟ್ಟಿ ಕೈಗೆ ಬಂದ ಮೇಲೆ ಯಾವ ಎರಡು ಇಲಾಖೆಗಳು ಒಂದಾಗಬೇಕು, ಯಾವುವು ಬೇರೆಯಾಗಿಯೇ ಇರಬೇಕು ಎಂಬ ಪ್ರಶ್ನೆಗೆ ಒಂದು ಆಧಾರ ಸಿಗುತ್ತದೆ. ಅದಿಲ್ಲದೆ 11ನ್ನು 5 ಮಾಡುವುದು ಬರೀ ಸಂಖ್ಯೆಯ ಲೆಕ್ಕಾಚಾರ, ಮತ್ತು 5 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಬಹುಪಾಲು ಕಡೆ ಉತ್ತರ ಸಿಗುವುದಿಲ್ಲ.

ವಿಲೀನಕ್ಕೆ ತಗಲುವ ಬೆಲೆಯನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಎರಡು ಇಲಾಖೆಗಳನ್ನು ಒಂದೇ ಆದೇಶದಲ್ಲಿ ಸೇರಿಸಲಾಯಿತು. ನಾಮಫಲಕ ವಾರದೊಳಗೆ ಬದಲಾಯಿತು. ಆದರೆ ಸ್ವೀಕೃತಿ ವಹಿಗಳು ಎರಡೇ ಉಳಿದವು, ಕಡತಗಳಿಗೆ ಹಳೆಯ ಎರಡೂ ಇಲಾಖೆಗಳ ಸಂಕೇತಾಕ್ಷರಗಳೇ ಮುಂದುವರಿದವು, ಹೊರಗಿನಿಂದ ಬಂದ ಪತ್ರವನ್ನು ಯಾವ ವಹಿಯಲ್ಲಿ ದಾಖಲಿಸಬೇಕು ಎಂದು ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎರಡೂ ಕಡೆಯ ಜ್ಯೇಷ್ಠತಾ ಪಟ್ಟಿಗಳನ್ನು ಒಂದು ಮಾಡುವ ಕೆಲಸವಂತೂ ಆಕ್ಷೇಪಣೆ, ಮೇಲ್ಮನವಿ, ತಡೆಯಾಜ್ಞೆಗಳ ನಡುವೆ ವರ್ಷಗಟ್ಟಲೆ ಎಳೆಯಿತು. ಪಟ್ಟಿ ಅಂತಿಮವಾಗದೆ ಮುಂಬಡ್ತಿ ಇಲ್ಲ, ಮುಂಬಡ್ತಿ ಇಲ್ಲದೆ ಮೇಲಿನ ಹುದ್ದೆಗಳೆಲ್ಲ ಪ್ರಭಾರದಲ್ಲಿ, ಅಂದರೆ ತಾತ್ಕಾಲಿಕ ಹೊಣೆಯಲ್ಲಿ. ಪ್ರಭಾರದಲ್ಲಿ ಇರುವವರು 20 ವರ್ಷದ ಮಾತಿರಲಿ, ಬರುವ ವರ್ಷದ ಟೆಂಡರಿಗೂ ಧೈರ್ಯವಾಗಿ ಸಹಿ ಹಾಕಲಾರರು. ಆ ಅವಧಿಯಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅವರ ದುಡಿಮೆಯೆಲ್ಲ ಒಳಗಿನ ಹೊಂದಾಣಿಕೆಗೇ ಖರ್ಚಾಯಿತು.

ವಿಲೀನದಿಂದ ಉಳಿತಾಯವಾಗುತ್ತದೆ ಎಂಬ ಮಾತನ್ನೂ ಎಚ್ಚರಿಕೆಯಿಂದ ಪರಿಶೀಲಿಸಿ. ಫ್ರಾನ್ಸ್ 2016ರಲ್ಲಿ ತನ್ನ ಮುಖ್ಯಭೂಮಿಯ 22 ಪ್ರದೇಶಗಳನ್ನು 13ಕ್ಕೆ ಇಳಿಸಿತು. ಒಂದಾದ ಪ್ರದೇಶಗಳ ನೌಕರರಿಗೆ ಬೇರೆ ಬೇರೆ ಭತ್ಯೆಗಳಿದ್ದವು. ಸಮಾನಗೊಳಿಸುವಾಗ ಅವು ಮೇಲಿನ ಮಟ್ಟದತ್ತ ಸರಿದವೇ ಹೊರತು ಕೆಳಗಿಳಿಯಲಿಲ್ಲ, ಮತ್ತು ಸರ್ಕಾರಿ ಲೆಕ್ಕಗಳನ್ನು ಪರಿಶೀಲಿಸುವ ಆ ದೇಶದ ಲೆಕ್ಕಪರಿಶೋಧನಾ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿ ತೋರಿಸಿತು. ಇದರಲ್ಲಿ ಆಶ್ಚರ್ಯಪಡಬೇಕಾದದ್ದೇನೂ ಇಲ್ಲ. ಒಂದೇ ಕೊಠಡಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರ ಭತ್ಯೆಯನ್ನು ಕಡಿತ ಮಾಡಿ ಸಮಾನತೆ ತರುವ ಸರ್ಕಾರ ಎಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಪ್ರಸ್ತಾವದಲ್ಲಿ ಉಳಿತಾಯದ ಅಂದಾಜು ಇದ್ದರೆ, ಅದರಲ್ಲಿ ಈ ಸಮಾನೀಕರಣದ ವೆಚ್ಚ, ತಂತ್ರಾಂಶ ಬದಲಾವಣೆಯ ವೆಚ್ಚ ಮತ್ತು ಖಾಲಿ ಕಟ್ಟಡಗಳ ಬಾಡಿಗೆ ಕರಾರುಗಳು ಸೇರಿವೆಯೇ ಎಂದು ಕೇಳಿ.

ಹಾಗೆಂದು ಪುನರ್‌ರಚನೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಾಡುವುದಾದರೆ ಹೇಗೆ ಮಾಡಬೇಕು ಎಂಬುದಕ್ಕೆ ಡೆನ್ಮಾರ್ಕಿನ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಓದುತ್ತಿರುತ್ತೇನೆ. ಅಲ್ಲಿ 2002ರಲ್ಲಿ ಆಡಳಿತ ರಚನೆಯ ಆಯೋಗ ನೇಮಕವಾಯಿತು, 2004ರ ಆರಂಭದಲ್ಲಿ ವರದಿ ಬಂತು, 2005ರಲ್ಲಿ ಕಾನೂನುಗಳಾದವು, 2007ರ ಜನವರಿ 1ರಂದು ಇಡೀ ದೇಶದಲ್ಲಿ ಒಂದೇ ದಿನ ಹೊಸ ವ್ಯವಸ್ಥೆ ಜಾರಿಗೆ ಬಂತು. 271 ಪುರಸಭೆಗಳು 98 ಆದವು. 13 ಕೌಂಟಿಗಳು ರದ್ದಾಗಿ 5 ಪ್ರದೇಶಗಳು ಹುಟ್ಟಿದವು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಸಂಖ್ಯೆಗಳಲ್ಲ, ಮಧ್ಯದ ಒಂದು ವರ್ಷ. 2005ರ ನವೆಂಬರ್‌ನಲ್ಲಿ ಹೊಸ ಗಡಿಗಳ ಪ್ರಕಾರವೇ ಚುನಾವಣೆ ನಡೆಯಿತು, ಗೆದ್ದವರು 2006ರಿಡೀ ಸಿದ್ಧತಾ ಸಮಿತಿಗಳಾಗಿ ಕೆಲಸ ಮಾಡಿದರು, ಹಳೆಯ ಸಂಸ್ಥೆಗಳು ದೈನಂದಿನ ಸೇವೆಯನ್ನು ನಡೆಸಿಕೊಂಡು ಹೋದವು. ಮುಂದೆ ಯಾರು ಹೊಣೆ ಹೊರಬೇಕೋ ಅವರೇ ಹುದ್ದೆ, ಕಟ್ಟಡ, ಆಯವ್ಯಯಗಳನ್ನು ನಿರ್ಧರಿಸಲು ಪೂರ್ತಿ ಒಂದು ವರ್ಷ ಸಿಕ್ಕಿತು. ಯಾರ ಜೊತೆ ಸೇರಬೇಕೆಂಬುದನ್ನು 2005ರ ಆರಂಭದೊಳಗೆ ತಿಳಿಸುವ ಅವಕಾಶವೂ ಪುರಸಭೆಗಳಿಗೇ ಇತ್ತು, ಕನಿಷ್ಠ ಜನಸಂಖ್ಯೆ 20,000 ಎಂಬ ಮಿತಿಯನ್ನು ಮಾತ್ರ ಮೇಲಿನಿಂದ ಹೇಳಲಾಗಿತ್ತು. ಗಡಿಯ ಜೊತೆಗೆ ಕೆಲಸದ ಹಂಚಿಕೆಯೂ ಬದಲಾಯಿತು: ಆಸ್ಪತ್ರೆಗಳು ಪ್ರದೇಶಗಳ ಮುಖ್ಯ ಹೊಣೆಯಾದವು, ಕೌಂಟಿಗಳಿಗಿದ್ದ ತೆರಿಗೆ ಹಾಕುವ ಅಧಿಕಾರ ಹೊಸ ಪ್ರದೇಶಗಳಿಗೆ ಸಿಗಲಿಲ್ಲ. ಈ ಕೊನೆಯ ಅಂಶ ಸರಿಯೋ ತಪ್ಪೋ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಯಾರಿಗೆ ಯಾವ ಕೆಲಸ, ಅದಕ್ಕೆ ಹಣ ಎಲ್ಲಿಂದ ಎಂಬುದು ಮೊದಲ ದಿನವೇ ಎಲ್ಲರಿಗೂ ತಿಳಿದಿತ್ತು.

ವಿಲೀನವನ್ನು ಕೈಬಿಟ್ಟು ಮುಂದುವರಿದವರೂ ಇದ್ದಾರೆ. ಬ್ರಿಟನ್ನಿನ ಭಾಗವಾದ ವೇಲ್ಸ್‌ನ 22 ಸ್ಥಳೀಯ ಸಂಸ್ಥೆಗಳನ್ನು ಸುಮಾರು ಅರ್ಧಕ್ಕೆ ಇಳಿಸಬೇಕೆಂದು ಒಂದು ಆಯೋಗ 2014ರಲ್ಲಿ ಶಿಫಾರಸು ಮಾಡಿತ್ತು. ಅದು ನಡೆಯಲಿಲ್ಲ. ಬದಲಿಗೆ ಸಾರಿಗೆ, ಭೂಬಳಕೆಯಂಥ ಗಡಿ ದಾಟುವ ವಿಷಯಗಳಿಗೆ ಮಾತ್ರ ನಾಲ್ಕು ಪ್ರಾದೇಶಿಕ ಜಂಟಿ ಸಮಿತಿಗಳನ್ನು 2021ರಲ್ಲಿ ಕಾನೂನಿನ ಮೂಲಕ ರಚಿಸಲಾಯಿತು. ನಿಮ್ಮ 11 ಇಲಾಖೆಗಳ ವಿಷಯದಲ್ಲೂ ಈ ದಾರಿಯನ್ನು ಮೊದಲು ಯೋಚಿಸಬೇಕೆಂದು ನನ್ನ ಸಲಹೆ. ಹಿಂದಿರುಗಲಾಗದ ನಿರ್ಧಾರಗಳ ಪಟ್ಟಿಯಲ್ಲಿ ಎರಡು ಇಲಾಖೆಗಳ ನಡುವೆ ಸಿಕ್ಕಿಬಿದ್ದಿರುವ ವಿಷಯ ಒಂದೇ ಆಗಿದ್ದರೆ, ಆ ಒಂದಕ್ಕೆ ಜಂಟಿ ಆಯವ್ಯಯ ಮತ್ತು ಒಬ್ಬ ಹೊಣೆಗಾರ ಅಧಿಕಾರಿ ಸಾಕು. ಸಾವಿರಾರು ನೌಕರರ ಸೇವಾ ಪುಸ್ತಕಗಳನ್ನು ಸ್ಥಳಾಂತರಿಸುವ ಅಗತ್ಯವಿಲ್ಲ.

ಸಲಹೆಗಾರರು ಹೇಳುವಂತೆ ಎರಡನ್ನೂ ಒಟ್ಟಿಗೆ ಮಾಡಿದ ಉದಾಹರಣೆಯೂ ಇದೆ. ಸ್ಕಾಟ್ಲೆಂಡಿನಲ್ಲಿ 2007ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಇಲಾಖೆಗಳನ್ನೇ ತೆಗೆದುಹಾಕಿತು. ಇಲಾಖಾ ಮುಖ್ಯಸ್ಥರ ಜಾಗದಲ್ಲಿ ಮಹಾನಿರ್ದೇಶಕರು ಮತ್ತು ನಿರ್ದೇಶನಾಲಯಗಳು ಬಂದವು. ಅದೇ ವರ್ಷ 10 ವರ್ಷಗಳ ದೃಷ್ಟಿಯಿಂದ ರಾಷ್ಟ್ರೀಯ ಸಾಧನಾ ಚೌಕಟ್ಟೊಂದು ಪ್ರಕಟವಾಯಿತು, ಅದರಲ್ಲಿ 5 ಗುರಿಗಳು, 15 ಫಲಿತಾಂಶಗಳು, 45 ಸೂಚಕಗಳು ಇದ್ದವು. ಎಷ್ಟು ಹಣ ಖರ್ಚಾಯಿತು ಎಂಬುದರ ಬದಲು ಜನರ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳುವ ಅಭ್ಯಾಸವನ್ನು ಅದು ಆಡಳಿತದೊಳಗೆ ತಂದಿತು, ಮತ್ತು 2015ರಲ್ಲಿ ಕಾನೂನಿನ ಬಲವನ್ನೂ ಪಡೆಯಿತು. ನಾನು ಅದನ್ನು ನಿಜವಾದ ಸಾಧನೆ ಎಂದೇ ಪರಿಗಣಿಸುತ್ತೇನೆ. ಆದರೆ 15 ವರ್ಷಗಳ ನಂತರ, 2022ರಲ್ಲಿ, ಅಲ್ಲಿನ ಸಂಸತ್ತಿನ ಹಣಕಾಸು ಸಮಿತಿ ವಿಚಾರಣೆ ನಡೆಸಿದಾಗ ಕಂಡದ್ದು, ಹಣ ಹಂಚುವ ನಿರ್ಧಾರಗಳನ್ನು ಈ ಚೌಕಟ್ಟು ಕಣ್ಣಿಗೆ ಕಾಣುವಂತೆ ಮುನ್ನಡೆಸುತ್ತಿಲ್ಲ ಎಂಬುದನ್ನು. ಇಲಾಖೆಗಳನ್ನು ಅಳಿಸಿದ್ದರೂ, ಫಲಿತಾಂಶಗಳನ್ನು ಬರೆದಿಟ್ಟಿದ್ದರೂ, ಆಯವ್ಯಯ ತನ್ನದೇ ಜಾಡಿನಲ್ಲಿ ಹೋಗುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಯೋಜನಾ ವಿಭಾಗಕ್ಕೂ ಹಣಕಾಸು ವಿಭಾಗಕ್ಕೂ ಇರುವ ಸಂಬಂಧಕ್ಕೆ ಅನೇಕ ಕಡೆ ಹೊಂದುತ್ತದೆ.

ಸೂಚಕಗಳ ವಿಷಯ ಬಂದದ್ದರಿಂದ ಅಮೆರಿಕದ ಆರಿಗನ್ ರಾಜ್ಯದ ಕಥೆಯನ್ನೂ ಹೇಳಬೇಕು. ಅಲ್ಲಿ 1989ರಲ್ಲಿ 20 ವರ್ಷಗಳ ಮುನ್ನೋಟದ ಯೋಜನೆ ಆರಂಭವಾಯಿತು, ಅದನ್ನು ಕಾಯಲು ಒಂದು ಪ್ರಗತಿ ಮಂಡಳಿಯೂ ಸ್ಥಾಪನೆಯಾಯಿತು. 1991ರಲ್ಲಿ 158 ಮಾನದಂಡಗಳಿದ್ದವು. 1993ರ ಹೊತ್ತಿಗೆ ಅವು 272 ಆದವು. ತಮ್ಮ ವಿಷಯ ಪಟ್ಟಿಯಲ್ಲಿ ಇಲ್ಲದಿದ್ದರೆ ತಮಗೆ ಅನುದಾನ ಸಿಗದು ಎಂಬ ಭಯ ಹುಟ್ಟಿದೊಡನೆ ಪಟ್ಟಿ ಉಬ್ಬುತ್ತದೆ, ಇದು ಎಲ್ಲ ಕಡೆ ನಡೆಯುವುದೇ. 1997ರಲ್ಲಿ ಕತ್ತರಿ ಹಾಕಿ 92ಕ್ಕೆ ಇಳಿಸಿದರು. ಜಗತ್ತಿನಾದ್ಯಂತ ಅಧ್ಯಯನಕಾರರು ಹೊಗಳಿದ ಆ ಮಂಡಳಿಗೆ 2009ರ ಆರ್ಥಿಕ ಬಿಕ್ಕಟ್ಟಿನಲ್ಲಿ ಶಾಸನಸಭೆ ಅನುದಾನ ನಿಲ್ಲಿಸಿತು, ಮಂಡಳಿ ಮುಚ್ಚಿತು. ಅದು ವರದಿ ಮಾಡುತ್ತಿತ್ತು, ಎಚ್ಚರಿಸುತ್ತಿತ್ತು; ಆದರೆ ಯಾವುದೇ ಕಾಮಗಾರಿ, ಯಾವುದೇ ಸೇವೆ ಅದರ ಕೈಯಲ್ಲಿರಲಿಲ್ಲ. ಹಣದ ಮುಗ್ಗಟ್ಟು ಬಂದಾಗ ಅದನ್ನು ಮುಚ್ಚುವುದು ಸುಲಭವಾಗಿತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ: ಸರ್ಕಾರಗಳು ಬದಲಾದರೂ ಯೋಜನೆ ಉಳಿಯುತ್ತದೆಯೇ? ಉಳಿದಿದೆ. ಜರ್ಮನಿಯ ರೂರ್ ಪ್ರದೇಶದ ಎಮ್ಷರ್ ನದಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ 30 ವರ್ಷ ಹಿಡಿದ ಯೋಜನೆಯೊಂದು ಹೇಗೆ ನಡೆಯುತ್ತದೆ ಎಂಬುದನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಕಲ್ಲಿದ್ದಲು ಗಣಿ ಮತ್ತು ಉಕ್ಕಿನ ಕಾರ್ಖಾನೆಗಳು ದಟ್ಟವಾಗಿದ್ದ ಆ ಪ್ರದೇಶದಲ್ಲಿ ಗಣಿಗಾರಿಕೆಯಿಂದ ನೆಲ ಕುಸಿಯುತ್ತಲೇ ಇದ್ದುದರಿಂದ ಭೂಗತ ಒಳಚರಂಡಿ ಹಾಕುವಂತಿರಲಿಲ್ಲ, ಹಾಕಿದ ಕೊಳವೆಗಳು ಒಡೆದುಹೋಗುತ್ತಿದ್ದವು. ಆದ್ದರಿಂದ ನದಿಯನ್ನೇ ನೇರಗೊಳಿಸಿ, ಕಾಂಕ್ರೀಟಿನ ತೆರೆದ ಕಾಲುವೆ ಮಾಡಿ, ಇಡೀ ಪ್ರದೇಶದ ಕೊಳಚೆಯನ್ನು ಅದರಲ್ಲಿ ಹರಿಯಬಿಟ್ಟರು. ಈ ಕೆಲಸಕ್ಕಾಗಿ 1899ರಲ್ಲಿ ನಗರಗಳು, ಗಣಿಗಳು ಮತ್ತು ಉದ್ಯಮಗಳು ಸೇರಿ ಒಂದು ಸಹಕಾರಿ ಸಂಸ್ಥೆ ಕಟ್ಟಿಕೊಂಡಿದ್ದವು. ಮುಂದೆ ಗಣಿಗಾರಿಕೆ ಉತ್ತರಕ್ಕೆ ಸರಿದು, ನೆಲದ ಕುಸಿತ ನಿಂತ ಮೇಲೆ, ಅದೇ ಸಂಸ್ಥೆ 1990ರ ದಶಕದ ಆರಂಭದಲ್ಲಿ ತಾನು ಮಾಡಿದ್ದನ್ನು ತಾನೇ ಬಿಚ್ಚಿ ನದಿಯನ್ನು ಮತ್ತೆ ನದಿಯಾಗಿಸುವ ಕೆಲಸಕ್ಕೆ ಕೈಹಾಕಿತು. ಕೊಳಚೆಗಾಗಿ ಡಾರ್ಟ್‌ಮುಂಡ್‌ನಿಂದ ಡಿನ್‌ಸ್ಲಾಕೆನ್‌ವರೆಗೆ 51 ಕಿ.ಮೀ. ಉದ್ದದ ಭೂಗತ ಮುಖ್ಯ ಕಾಲುವೆಯನ್ನು ಕಟ್ಟಲಾಯಿತು. ಇಳಿಜಾರು ಕಾಯ್ದುಕೊಳ್ಳಲು ಅದು ಕೆಲವೆಡೆ ನೆಲದಿಂದ ಸುಮಾರು 40 ಮೀಟರ್ ಆಳಕ್ಕೆ ಇಳಿಯುತ್ತದೆ, ಮಧ್ಯೆ ಪಂಪ್ ಕೇಂದ್ರಗಳು ನೀರನ್ನು ಮೇಲೆತ್ತುತ್ತವೆ. 2021ರ ಅಂತ್ಯಕ್ಕೆ ಎಮ್ಷರ್ ಕೊಳಚೆಮುಕ್ತವಾಯಿತು. ಒಟ್ಟು ವೆಚ್ಚ ಸುಮಾರು 550 ಕೋಟಿ ಯೂರೊ.

ಆ 30 ವರ್ಷಗಳಲ್ಲಿ ಅಲ್ಲಿನ ಸರ್ಕಾರಗಳು, ನಗರಗಳ ಮೇಯರ್‌ಗಳು ಎಷ್ಟೋ ಸಲ ಬದಲಾದರು. ಯೋಜನೆ ಯಾಕೆ ನಿಲ್ಲಲಿಲ್ಲ? ನನ್ನ ಓದಿನ ಪ್ರಕಾರ ಮೊದಲ ಕಾರಣ, ಅದಕ್ಕೆ ಸ್ವಂತ ಆದಾಯವಿತ್ತು: ಸದಸ್ಯರು ಕಟ್ಟುವ ಶುಲ್ಕದಿಂದ ಸಂಸ್ಥೆ ನಡೆಯುತ್ತಿತ್ತು, ಆದ್ದರಿಂದ ಪ್ರತಿವರ್ಷ ಯಾರದೋ ಆಯವ್ಯಯದ ಮುಂದೆ ಕೈಚಾಚಬೇಕಾಗಿರಲಿಲ್ಲ. ಜೊತೆಗೆ, ಗುರಿ ಎಷ್ಟು ಸರಳವಾಗಿತ್ತೆಂದರೆ ಯಾವ ಮನೆಯವರಾದರೂ ಕಿಟಕಿ ತೆರೆದು ಮೂಗಿನಿಂದಲೇ ಪರೀಕ್ಷಿಸಬಹುದಿತ್ತು. ಇದಕ್ಕಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು, ಕೆಲಸವನ್ನು ಉಪನದಿಗಳಿಂದ ಆರಂಭಿಸಿ ತುಂಡುತುಂಡಾಗಿ ಮುಗಿಸುತ್ತ ಬಂದದ್ದು. ಒಂದೊಂದು ಊರಿಗೂ ಅದರ ಪಾಲಿನ ತೊರೆ ಸ್ವಚ್ಛವಾಗಿ ಹರಿಯುವುದು ಕೊನೆಯ ವರ್ಷಕ್ಕೆ ಮೊದಲೇ ಕಂಡಿತು. ಕಣ್ಣೆದುರು ತಿಳಿನೀರು ಹರಿಯುತ್ತಿರುವಾಗ ಅದನ್ನು ನಿಲ್ಲಿಸಿ ಎಂದು ಹೇಳುವ ಧೈರ್ಯ ಯಾವ ಹೊಸ ಮೇಯರ್‌ಗೂ ಬರುವುದು ಕಷ್ಟ. ನಿಮ್ಮ 20 ವರ್ಷಗಳ ಯೋಜನೆಯಲ್ಲಿ ಮೊದಲ 4 ವರ್ಷಗಳೊಳಗೆ ಜನರ ಕಣ್ಣಿಗೆ ಬೀಳುವಂಥದ್ದು ಏನಿದೆ ಎಂದು ಹುಡುಕಿ. ಏನೂ ಇಲ್ಲದಿದ್ದರೆ, ಯೋಜನೆ ಎಷ್ಟೇ ಒಳ್ಳೆಯದಿದ್ದರೂ, ಮುಂದಿನ ಚುನಾವಣೆಯ ನಂತರ ಅದರ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ.

ಎಲ್ಲ ವಿಷಯಗಳಿಗೂ ಶುಲ್ಕ ಸಂಗ್ರಹಿಸುವ ಸಂಸ್ಥೆ ಕಟ್ಟಲಾಗುವುದಿಲ್ಲ, ನಿಜ. ಅಲ್ಲಿ ಕಾನೂನು ನೆರವಿಗೆ ಬರುತ್ತದೆ. ವೇಲ್ಸ್ 2015ರಲ್ಲಿ ಭವಿಷ್ಯದ ಪೀಳಿಗೆಗಳ ಯೋಗಕ್ಷೇಮ ಕಾಯ್ದೆಯನ್ನು ತಂದಿತು. ಸಾರ್ವಜನಿಕ ಸಂಸ್ಥೆಗಳು ತಮ್ಮ ನಿರ್ಧಾರಗಳಲ್ಲಿ ದೀರ್ಘಾವಧಿಯ ಪರಿಣಾಮವನ್ನು ಪರಿಗಣಿಸಿದ್ದನ್ನು ತೋರಿಸಬೇಕು, ಅದನ್ನು ಗಮನಿಸಲು ಒಬ್ಬ ಆಯುಕ್ತರಿರುತ್ತಾರೆ. ಕಾಯ್ದೆಯಲ್ಲಿರುವ 7 ಗುರಿಗಳು ಸಾಕಷ್ಟು ವಿಶಾಲವಾಗಿವೆ, ಯಾರೂ ವಿರೋಧಿಸಲಾಗದಷ್ಟು ವಿಶಾಲ, ಹಾಗಾಗಿ ಅವುಗಳ ಬಲ ಕಡಿಮೆ ಎಂದು ನನಗೆ ಮೊದಲು ಅನ್ನಿಸಿತ್ತು. ಆದರೆ ನ್ಯೂಪೋರ್ಟ್ ಬಳಿ ಎಂ4 ಹೆದ್ದಾರಿಗೆ ಪರ್ಯಾಯ ಮಾರ್ಗ ನಿರ್ಮಿಸುವ ದೊಡ್ಡ ಪ್ರಸ್ತಾವದ ಚರ್ಚೆಯಲ್ಲಿ ಅಂದಿನ ಆಯುಕ್ತರು ಈ ಕಾಯ್ದೆಯ ಹೆಸರಿನಲ್ಲೇ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಅಂತಿಮವಾಗಿ 2019ರ ಜೂನ್‌ನಲ್ಲಿ ವೆಚ್ಚ ಮತ್ತು ಪರಿಸರದ ಕಾರಣಗಳನ್ನು ನೀಡಿ ವೇಲ್ಸ್ ಸರ್ಕಾರದ ಅಂದಿನ ಮುಖ್ಯಸ್ಥ, ಪ್ರಥಮ ಸಚಿವ ಮಾರ್ಕ್ ಡ್ರೇಕ್‌ಫೋರ್ಡ್ ಪ್ರಸ್ತಾವವನ್ನು ಕೈಬಿಟ್ಟರು. ಕಾಯ್ದೆಯೊಂದರಿಂದಲೇ ಹೀಗಾಯಿತು ಎಂದು ಹೇಳಲು ಬಾರದು. ಆದರೆ 20 ವರ್ಷ ಮುಂದಿನ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವ ಹಕ್ಕು ಮತ್ತು ಕರ್ತವ್ಯ ಒಂದು ಹುದ್ದೆಗೆ ಇತ್ತು. ನಿಮ್ಮಲ್ಲಿ ಹೊಸ ಕಾಯ್ದೆ ತರುವುದು ಸದ್ಯಕ್ಕೆ ಆಗದಿದ್ದರೂ, ಒಂದು ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಪ್ರತಿ ಪ್ರಸ್ತಾವದ ಟಿಪ್ಪಣಿಯಲ್ಲೂ ಅದರ ಮುಂದಿನ 20 ವರ್ಷಗಳ ನಿರ್ವಹಣಾ ವೆಚ್ಚ ಎಷ್ಟು, ಅದನ್ನು ಯಾವ ಲೆಕ್ಕಶೀರ್ಷಿಕೆಯಿಂದ ಭರಿಸಲಾಗುತ್ತದೆ ಎಂಬ ಒಂದು ಕಂಡಿಕೆ ಕಡ್ಡಾಯವಾಗಲಿ ಎಂದು ಸುತ್ತೋಲೆ ಹೊರಡಿಸಬಹುದು. ಕಟ್ಟುವವರಿಗೆ ಉದ್ಘಾಟನೆ ಇರುತ್ತದೆ, ಸೋರುವ ಛಾವಣಿಯನ್ನು ದುರಸ್ತಿ ಮಾಡುವವರಿಗೆ ಅನುದಾನವೇ ಇರುವುದಿಲ್ಲ. ಈ ಒಂದು ಕಂಡಿಕೆ ಎಷ್ಟೋ ಆಡಂಬರದ ಪ್ರಸ್ತಾವಗಳನ್ನು ಮೊದಲ ಸುತ್ತಿನಲ್ಲೇ ತಿದ್ದುತ್ತದೆ.

ಸಾಮರ್ಥ್ಯ ಬಂದ ಮೇಲೆ ಹಣ ಕೊಡೋಣ ಎಂಬ ವಾದವನ್ನು ನಿಮ್ಮ ಹಣಕಾಸು ವಿಭಾಗ ಮುಂದಿಡಬಹುದು. ಕೇರಳ ಈ ಕ್ರಮವನ್ನು ತಿರುವುಮುರುವು ಮಾಡಿ ತೋರಿಸಿತು. 1996ರ ಆಗಸ್ಟ್‌ನಲ್ಲಿ ಆರಂಭವಾದ ಜನಕೀಯ ಯೋಜನೆ ಎಂಬ, ಜನರೇ ಯೋಜನೆ ರೂಪಿಸುವ ಅಭಿಯಾನದಲ್ಲಿ ರಾಜ್ಯದ ಯೋಜನಾ ವೆಚ್ಚದ 35ರಿಂದ 40 ಶೇಕಡಾ ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಡುವುದಾಗಿ ಮೊದಲೇ ಘೋಷಿಸಿ, ಆಮೇಲೆ ತರಬೇತಿ, ಗ್ರಾಮಸಭೆ, ಯೋಜನಾ ವರದಿ ಎಂದು ಮುಂದುವರಿದರು. ಅಂದಾಜುಪಟ್ಟಿಗಳನ್ನು ಪರಿಶೀಲಿಸಲು ಸಾಕಷ್ಟು ಎಂಜಿನಿಯರುಗಳು ಇಲ್ಲದಿದ್ದಾಗ ನಿವೃತ್ತ ತಜ್ಞರ ಸ್ವಯಂಸೇವಾ ತಂಡಗಳನ್ನು ಕಟ್ಟಿದರು. ಇಲಾಖಾ ಸಿಬ್ಬಂದಿಯನ್ನು ಕೆಳಗಿನ ಹಂತಕ್ಕೆ ನಿಯೋಜಿಸುವ ಕೆಲಸ ಮಾತ್ರ ಹಣದಷ್ಟು ಬೇಗ ಸಾಗಲಿಲ್ಲ. ಹೊಸ ವ್ಯವಸ್ಥೆಯೊಂದರ ಮೇಲೆ ನಂಬಿಕೆ ಹುಟ್ಟಬೇಕಾದರೆ ಹಣ ಮೊದಲು ಚಲಿಸಬೇಕು ಎಂಬ ಪಾಠವನ್ನು ನಾನು ಇದರಿಂದ ಕಲಿತಿದ್ದೇನೆ. ಹಣದ ಹಿಂದೆಯೇ ಹುದ್ದೆಗಳು ಹೋಗದಿದ್ದರೆ ಎಷ್ಟು ತೊಂದರೆ ಎಂಬುದೂ ಅಲ್ಲಿಯೇ ಕಾಣುತ್ತದೆ.

ಈಗ ನಿಮ್ಮ ಮೇಜಿನ ಮೇಲಿರುವ ಕೆಲಸಕ್ಕೆ ಬರೋಣ. ಹಣಕಾಸು ವಿಭಾಗದಲ್ಲಿ ಆಯವ್ಯಯ ಅಂದಾಜು ಸಿದ್ಧಪಡಿಸುವ ಅಧಿಕಾರಿಯನ್ನು, ಮುಖ್ಯಸ್ಥರನ್ನಲ್ಲ, ಕಲಮುಗಳನ್ನು ನಿಜವಾಗಿ ಬರೆಯುವವರನ್ನು, ಯೋಜನಾ ತಂಡದೊಳಗೆ ಮೊದಲ ದಿನದಿಂದ ಸೇರಿಸಿಕೊಳ್ಳಿ. ಅವರ ಜೊತೆ ಕುಳಿತು ಮುಂದಿನ 10 ವರ್ಷಗಳ ವೇತನ, ಪಿಂಚಣಿ, ಸಾಲದ ಬಡ್ಡಿ ಮತ್ತು ಈಗಾಗಲೇ ಒಪ್ಪಿಕೊಂಡ ಕಾಮಗಾರಿಗಳ ಬಾಕಿಯನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಉಳಿಯುವ ಹಣ ಎಷ್ಟು ಎಂದು ನೋಡಿದಾಗ ಯೋಜನೆಯ ಅರ್ಧದಷ್ಟು ಅಧ್ಯಾಯಗಳು ತಾವಾಗಿಯೇ ಕಳಚಿಕೊಳ್ಳುತ್ತವೆ, ಇದು ನೋವಿನ ಕೆಲಸ, ಆದರೆ ಐದನೆಯ ವರ್ಷದಲ್ಲಿ ಸಾರ್ವಜನಿಕವಾಗಿ ಕೈಬಿಡುವುದಕ್ಕಿಂತ ಈಗ ಬಿಡುವುದು ಲೇಸು. ಉಳಿದವುಗಳನ್ನು 3 ವರ್ಷಗಳ ಉರುಳು ಆಯವ್ಯಯಕ್ಕೆ (ಪ್ರತಿವರ್ಷ ಒಂದು ವರ್ಷ ಮುಂದಕ್ಕೆ ಸರಿಯುವ ಅಂದಾಜಿಗೆ) ಕಟ್ಟಿಹಾಕಿ, ಪ್ರತಿಯೊಂದಕ್ಕೂ ಒಂದು ಹುದ್ದೆಯನ್ನು ಹೊಣೆ ಮಾಡಿ. ವ್ಯಕ್ತಿಯ ಹೆಸರು ಬೇಡ, ವ್ಯಕ್ತಿ ವರ್ಗವಾಗುತ್ತಾರೆ. ಸಮಿತಿಯೂ ಬೇಡ, ಸಮಿತಿಯಲ್ಲಿ ಯಾರನ್ನೂ ಕೇಳಲಾಗುವುದಿಲ್ಲ.

ವಿಲೀನದ ಪ್ರಸ್ತಾವವನ್ನು ನಿಮ್ಮ ಹಂತದಲ್ಲಿ ತಡೆಯಲಾಗದಿದ್ದರೆ, ಟಿಪ್ಪಣಿಯಲ್ಲಿ ಮೂರು ಷರತ್ತುಗಳನ್ನಾದರೂ ಸೇರಿಸಲು ಪ್ರಯತ್ನಿಸಿ. ಜಾರಿಯ ದಿನಾಂಕಕ್ಕೆ ಕನಿಷ್ಠ ಒಂದು ವರ್ಷ ಮೊದಲು ಹೊಸ ಇಲಾಖಾ ಮುಖ್ಯಸ್ಥರ ನೇಮಕವಾಗಬೇಕು. ವೃಂದ ಮತ್ತು ನೇಮಕಾತಿ ನಿಯಮಗಳ ಕರಡು ಹಾಗೂ ಏಕೀಕೃತ ಜ್ಯೇಷ್ಠತಾ ಪಟ್ಟಿ ಆ ವರ್ಷದೊಳಗೆ ಪ್ರಕಟವಾಗಬೇಕು. ಹಿಂದಿರುಗಲಾಗದ ನಿರ್ಧಾರಗಳನ್ನು ನಿರ್ವಹಿಸುವ ಶಾಖೆಗಳನ್ನು ಮೊದಲ 2 ವರ್ಷ ಮುಟ್ಟಬಾರದು.

ನಿಮ್ಮ ಸಹೋದ್ಯೋಗಿಗಳ ಅಪನಂಬಿಕೆಯನ್ನು ದಯವಿಟ್ಟು ಬದಲಾವಣೆಗೆ ಒಡ್ಡುವ ಪ್ರತಿರೋಧ ಎಂದು ವರದಿಯಲ್ಲಿ ಬರೆಯಬೇಡಿ. ಅವರು ಎರಡು ಸುಧಾರಣೆಗಳ ಸಾಕ್ಷಿಗಳು, ಅವರಲ್ಲಿರುವ ಮಾಹಿತಿ ಯಾವ ಸಲಹೆಗಾರರ ಬಳಿಯೂ ಇಲ್ಲ. ದಾಖಲೆ ಕೊಠಡಿಯಿಂದ ಆ ಎರಡೂ ಸುಧಾರಣೆಗಳ ಆದೇಶಗಳನ್ನು ತೆಗೆಸಿ, ಅವರಲ್ಲಿ ನಾಲ್ಕೈದು ಜನ ಹಿರಿಯರನ್ನು ಕೂರಿಸಿಕೊಂಡು, ಆದೇಶದ ಒಂದೊಂದು ಕಂಡಿಕೆಯ ಎದುರಿಗೂ ಅದು ಈಗ ಉಳಿದಿದೆಯೇ, ಇಲ್ಲದಿದ್ದರೆ ಯಾವ ವರ್ಷ ಯಾವ ಕಾರಣಕ್ಕೆ ನಿಂತಿತು ಎಂದು ಬರೆಸಿ. ನಾನು ಒಮ್ಮೆ ಹೀಗೆ ಮಾಡಿಸಿದಾಗ, ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಅಧೀಕ್ಷಕರು ಮರುದಿನ ತಮ್ಮ ಬೀರುವಿನಿಂದ ಹಳೆಯ ವಹಿಯೊಂದನ್ನು ತಂದುಕೊಟ್ಟರು. ರದ್ದಾಗಿದ್ದ ಒಂದು ಶಾಖೆಯ ನೀರಿನ ಮಟ್ಟದ ದಾಖಲೆಗಳನ್ನು ಅವರು ಯಾರೂ ಕೇಳದಿದ್ದರೂ 9 ವರ್ಷ ಬರೆದುಕೊಂಡು ಬಂದಿದ್ದರು. ನಮ್ಮ ಯೋಜನೆಯ ನೀರಿನ ಅಧ್ಯಾಯಕ್ಕೆ ಆಧಾರವಾದದ್ದು ಅದೇ ವಹಿ.